ತಲುಪಿದೆ ಎಂದಿತು ಕಂಪ್ಯೂಟರ್

೧

ಎಲ್ಲಿಂದ ಹಿಡಿಯಲಿ? ಕಂಪ್ಯೂಟರ್ ನಡೆಸುವ ಲಿನಕ್ಸ್‌ನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಅಕ್ಕತಂಗಿಯರ ಜಗಳದಿಂದ ಶುರು ಮಾಡಿದರೆ ಮೂಗು ಮುರಿಯುತ್ತೀರಿ. ಹಾಗಾಗಿ ನಡುವಿನಿಂದಲೇ: ತಂಗಿ ಕಂಪ್ಯೂಟರ್ ಮುಂದೆ ಇದ್ದಾಳೆ, ಕೂತಲ್ಲಿ ಕೂರಲಾಗುತ್ತಿಲ್ಲ.

೨

(ಮೊದಲ ಡ್ರಾಫ್ಟ್‌ನಲ್ಲಿ ಅವಳನ್ನು ಹ್ಯಾಕರ್ ಮಾಡಿದ್ದೆ. ಅವಳೇ ಬಿದ್ದು ಬಿದ್ದು ನಕ್ಕಳು. ಅವಳು ಪುಸ್ತಕಕ್ಕೆ ರಟ್ಟು ಕಟ್ಟುವವಳು, ಉಗುರಲ್ಲೆಲ್ಲ ಒಣಗಿದ ಗೋಂದು.)

ಇಬ್ಬರೂ ಸೇರಿ ನಡೆಸಿದ ಬೈಂಡಿಂಗ್ ಅಂಗಡಿ ಇದು. ಅಕ್ಕ ಮುನಿಸಿಕೊಂಡು ಬೇರೆ ಊರಿಗೆ ಹೊರಟಾಗ ಹೇಳಿದ್ದು ಒಂದೇ: "ಫೋನ್ ಮಾಡ್ಬೇಡ, ಮತ್ತೆ ಜಗಳಾನೇ ಆಗುತ್ತೆ. ಏನಿದ್ರೂ ನನ್ನ ಅಂಗಡಿ ಮೇಲ್‌ಗೆ ಬರಿ, ಅಲ್ಲಿಂದ್ಲೇ ಓದ್ತೀನಿ."

ಕಟ್ಟಡದ ಮಾಲೀಕ ಸಂಜೆ ಬರುತ್ತಾನೆ. ಅಕ್ಕ ವಾಪಸ್ ಬರುತ್ತೇನೆಂದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಇವತ್ತೇ ಬೀಗದ ಕೈ ಒಪ್ಪಿಸಬೇಕು. ತಂಗಿ ಮೂರು ಮೇಲ್ ಕಳಿಸಿದ್ದಾಳೆ. ಮೊದಲನೆಯದು, ಬಾ ಅಕ್ಕ. ಎರಡನೆಯದು, ಬರ್ತೀಯೋ ಇಲ್ವೋ. ಮೂರನೆಯದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕನಿಂದ ಒಂದಕ್ಕೂ ಉತ್ತರವಿಲ್ಲ.

೩

"ಮೇಲ್ ಹೋಗ್ತಿಲ್ವೇನೋ," ಎಂದೆ ನಾನು.

"ಕಾಗದದ ವ್ಯಾಪಾರಿಗೆ ಹೋಯ್ತಲ್ಲ, ಅವನ ಉತ್ತರಾನೂ ಬಂತು! ಮೇಲ್ ಹೋದದ್ದೆಲ್ಲ ಬರೆದಿಡೋ ಲಾಗ್ ನೋಡು, ಅಕ್ಕಂದು ಮೂರೂ 'ತಲುಪಿದೆ' ಅಂತಾನೇ ಇದೆ. ಓದಿ ಸುಮ್ನಿದಾಳೆ, ಕಲ್ಲು ಮನಸ್ಸು."

ಹೇಳುತ್ತಲೇ ಆ ಸಾಲನ್ನು ಕೊನೆಯವರೆಗೆ ಓದಿದಳು. ತಲುಪಿತ್ತು, ನಿಜ. ಇದೇ ಕಂಪ್ಯೂಟರ್‌ನೊಳಗಿನ ಅಂಚೆ ಪೆಟ್ಟಿಗೆಗೆ.

೪

ಅಕ್ಕ ಹೋದ ಮೇಲೆ ಡಿಸ್ಕ್ ಕೆಟ್ಟು ಲಿನಕ್ಸನ್ನು ಹೊಸದಾಗಿ ಹಾಕುವಾಗ ಅದು ಕಂಪ್ಯೂಟರ್‌ನ ಹೆಸರು ಕೇಳಿತ್ತು. ಇವಳು ಅಂಗಡಿಯ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರನ್ನೇ ಕೊಟ್ಟುಬಿಟ್ಟಳು. ಅಂದಿನಿಂದ ಅಂಗಡಿಯವರೆಲ್ಲ ತನ್ನೊಳಗೇ ಇದ್ದಾರೆ ಎಂದು ಅದು ನಂಬಿ ಕೂತಿದೆ, ಅವರ ಮೇಲನ್ನು ಹೊರಗಿನ ಸರ್ವರ್‌ಗೆ ಕಳಿಸುವುದೇ ಇಲ್ಲ. ಈ ಕಂಪ್ಯೂಟರ್‌ನಲ್ಲಿ ಅಕ್ಕನ ಖಾತೆ ಇಲ್ಲದಿದ್ದರೆ ಮೇಲ್ ವಾಪಸಾಗಿ ಆವತ್ತೇ ತಪ್ಪು ತಿಳಿಯುತ್ತಿತ್ತು. ಆದರೆ ಇವಳು ಯಾವತ್ತಿನ ಹಾಗೆ ಎರಡು ಖಾತೆ ತೆರೆದಿದ್ದಳು, ತನಗೊಂದು, ಅಕ್ಕನಿಗೊಂದು.

"ಬಿಟ್ಟು ಹೋದವಳಿಗೆ ಯಾಕೆ?"

"ರೂಢಿ," ಎಂದಳು. (ನಾನು ನಂಬಲಿಲ್ಲ. ನೀವೂ ನಂಬಬೇಡಿ.)

೫

ಸೆಟ್ಟಿಂಗ್‌ನಲ್ಲಿ ಆ ಹೆಸರು ಅಳಿಸಿ, ಮೇಲ್ ಸರ್ವಿಸ್ ರೀಸ್ಟಾರ್ಟ್ ಮಾಡಿದಳು. ಅಷ್ಟೇ ಕೆಲಸ. ಆಮೇಲೆ ಹೊಳೆಯಿತು: ತಂಗಿ ಒಂದು ಸಾಲೂ ಬರೆಯಲಿಲ್ಲವೆಂದು ಅಕ್ಕನೂ ಅಲ್ಲಿ ಕುದಿಯುತ್ತಿರಬಹುದು. ಇವಳಿಗೆ ಅಳು ಬಂತು.

ಅಂತ್ಯ ಒಂದು: ಮೂರೂ ಮೇಲ್ ಮತ್ತೆ ಕಳಿಸುತ್ತಾಳೆ.

"ಮೂರನೇದೂನಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದಳು ತಂಗಿ.

ಹೊಡೆದು ಹಾಕಿದೆ. ಅಂತ್ಯ ಎರಡು: ಫೋನ್ ಮಾಡುತ್ತಾಳೆ.

"ಬೇಡ ಅಂದಿದಾಳಲ್ಲ!"

ಅದನ್ನೂ ಹೊಡೆದು ಹಾಕಿದೆ. ಅಷ್ಟರಲ್ಲಿ ಅವಳು ಮೊದಲನೆಯದನ್ನು ಮಾತ್ರ ಕಳಿಸಿ ಆಗಿತ್ತು. ಲಾಗ್‌ನಲ್ಲಿ ಈ ಸಲ ಹೊರಗಿನ ಸರ್ವರ್‌ನ ಹೆಸರಿತ್ತು. ಮೆಟ್ಟಿಲ ಮೇಲೆ ಮಾಲೀಕನ ಚಪ್ಪಲಿ ಸದ್ದು.

ನೀವು ಕಾಯುತ್ತಿದ್ದೀರಿ. ಮಾಲೀಕ ಬಾಗಿಲು ತಟ್ಟುವುದರೊಳಗೆ ಏನಾದರೂ ಆಗಲೇಬೇಕು. ಅಂತ್ಯ ಮೂರು: "ಬರ್ತಾ ಇದೀನಿ ಕಣೇ," ಎಂದು ಅಕ್ಕ...

ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಅಕ್ಕನ ಉತ್ತರ ನೀನು ಬರೀಬೇಡ. ಅವಳ ಮನಸ್ಸಲ್ಲಿ ಇರೋದನ್ನೆಲ್ಲ ಇಷ್ಟು ದಿನ ನಾನೇ ಬರ್ಕೊಂಡು ಕೂತಿದ್ದೆ. ಸಾಕು."