ಏಳನೇ ಅಳತೆಯ ಗುಲಾಬಿ ಶೂ

ನಾನು ಒಂದು ಜೊತೆ ಓಟದ ಶೂ. ಬಣ್ಣ ಗುಲಾಬಿ, ಅಳತೆ ಏಳು. ಕಾರ್ಖಾನೆಯಲ್ಲಿ ನನ್ನನ್ನು ಕಾಲಿನ ಅಚ್ಚಿಗೆ ಎಳೆದು ಕೂರಿಸಿ, ಅಂಟು ಹಚ್ಚಿ, ಬಿಸಿಯಲ್ಲಿ ಒತ್ತಿದರು. ಅಚ್ಚು ತೆಗೆದ ಮೇಲೂ ನನ್ನ ಮೈ ಅದೇ ಆಕಾರದಲ್ಲಿ ನಿಂತಿತು. ಬೇರೆ ಆಕಾರ ತಳೆಯುವುದು ನನಗೆ ಬರುವುದಿಲ್ಲ.

ಧಾರವಾಡದ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಇಂದುಮತಿ ಕೊಪ್ಪದ. ಐವತ್ತೆರಡು ವಯಸ್ಸು. ಹಾಸಿಗೆ ಹಿಡಿದ ಅತ್ತೆಯ ಸೇವೆಯಲ್ಲಿ ಹದಿನಾಲ್ಕು ವರ್ಷ ಹೊಸ್ತಿಲು ದಾಟಿದ್ದೇ ಅಪರೂಪ. ಅತ್ತೆ ತೀರಿಕೊಂಡ ಮೇಲೆ ಓಣಿಯ ಹೆಂಗಸರ ಬೆಳಗಿನ ಓಟದ ಗುಂಪಿಗೆ ಸೇರಿದ್ದರು. ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿಯಲ್ಲೇ ಓಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಐದು ಕಿಲೋಮೀಟರ್ ಓಟವಿದೆ ಎಂದು ತಿಳಿದಾಗ, ಗುಂಪಿನ ಹಿರಿಯರಾದ ವಿನೋದಾ ಟೀಚರ್ ಎಲ್ಲರನ್ನೂ ಅಂಗಡಿಗೆ ಕರೆತಂದರು. ಹನ್ನೊಂದು ಮಂದಿಗೂ ಒಂದೇ ಟೀ ಶರ್ಟು, ಒಂದೇ ಕಪ್ಪು ಪ್ಯಾಂಟು, ಒಂದೇ ಶೂ.

ಇಂದುಮತಿಯವರ ಪಾದ ಅಗಲ. ಹೆಬ್ಬೆರಳಿನ ಗೆಣ್ಣು ಹೊರಗೆ ಉಬ್ಬಿತ್ತು. ಆ ಬಣ್ಣದಲ್ಲಿ ಇದ್ದ ಅತಿ ದೊಡ್ಡ ಅಳತೆ ನಾನೇ.

“ಗಂಡಸರವು ಅಗಲ ಬರ್ತಾವ್ರೀ. ಕರೇವು ಅದಾವ, ಕೊಡ್ಲೇನು?” ಎಂದ ಅಂಗಡಿಯವನು.

“ಫೋಟೋದಾಗ ಒಬ್ಬರವಷ್ಟ ಬ್ಯಾರೆ ಕಾಣ್ತಾವ,” ಎಂದರು ಟೀಚರ್.

ಇಂದುಮತಿ ಉಸಿರು ಹಿಡಿದು ಕಾಲನ್ನು ನನ್ನೊಳಗೆ ತಳ್ಳಿದರು. “ಬರೋಬ್ಬರಿ ಆಗ್ಯಾವ್ರೀ,” ಎಂದರು. ಬೆರಳುಗಳು ಒಂದರ ಮೇಲೊಂದು ಏರಿದ್ದು ನನಗೆ ಮಾತ್ರ ಗೊತ್ತಿತ್ತು.

ಎರಡು ತಿಂಗಳು ಹಾಗೇ ಓಡಿದರು. ಉಗುರು ಕಪ್ಪಾಯಿತು. ಸಡಿಲಾಗಬೇಕೆಂದು ನಾನು ಹಂಬಲಿಸಿದೆ, ಹೊಲಿಗೆ ಬಿಡಲಿಲ್ಲ. ಇಂದುಮತಿ ಬಾಗಿಲು ಹಾಕಿಕೊಂಡು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೇ ಹೊರತು ಯಾರಿಗೂ ಹೇಳಲಿಲ್ಲ. ಗುಂಪು ತಪ್ಪಿದರೆ ಮತ್ತೆ ಅತ್ತೆ ಮಲಗಿದ್ದ ಅದೇ ಕೋಣೆ ಎಂಬ ಭಯ.

ಹುಬ್ಬಳ್ಳಿಯ ಓಟದಲ್ಲಿ ಮೂರನೇ ಕಿಲೋಮೀಟರಿಗೆ ಅವರು ರಸ್ತೆಯ ಬದಿಗೆ ಕುಸಿದು ನನ್ನನ್ನು ಕಳಚಿದರು. ಸಾಕ್ಸು ಕೆಂಪಾಗಿತ್ತು. ಅವರದೇ ಗುಂಪಿನ ಜುಬೇದಾ ಹಿಂದಿನಿಂದ ಬಂದು ನಿಂತರು.

“ಇಷ್ಟು ದಿವಸ ಯಾಕ ಹೇಳ್ಲಿಲ್ರೀ?”

“ನನ್ನೊಬ್ಬಾಕಿ ಸಲುವಾಗಿ ಯಾಕ ಅಂತ.”

ಜುಬೇದಾ ತಮ್ಮ ಟೀ ಶರ್ಟಿನ ತೋಳು ಜಗ್ಗಿದರು. “ಇದು ಕಂಕುಳಾಗ ಕೊರಿಯಾಕತ್ತಿ ಎರಡು ತಿಂಗಳಾತು. ನಾನೂ ಹೇಳಿಲ್ಲ.”

ಇಬ್ಬರೂ ನಕ್ಕರು. ನನ್ನನ್ನು ಕೈಯಲ್ಲಿ ಹಿಡಿದು ಇಂದುಮತಿ ಉಳಿದ ದಾರಿ ಕುಂಟುತ್ತಲೇ ನಡೆದರು.

ಮರುವಾರ ಅವರು ಗಂಡಸರ ಕರಿ ಶೂ ತಂದರು. ಜುಬೇದಾ ಸಡಿಲ ಕುರ್ತಾ ಹಾಕಿಕೊಂಡು ಹೋದರಂತೆ. ಟೀಚರ್ ಎಂದಿನಂತೆ ಓಟ ಶುರುಮಾಡಿಸಿದರಂತೆ. ನಾನು ಇಂದುಮತಿಯವರ ಸೊಸೆ ರೇಖಾಳ ಪಾಲಿಗೆ ಬಂದೆ.

ರೇಖಾಳ ತೆಳ್ಳಗಿನ ಪಾದ ನನ್ನೊಳಗೆ ಹಗುರವಾಗಿ ಇಳಿಯಿತು. ಆದರೆ ಬೆಳಗಾದರೆ ಗಂಡನ ಡಬ್ಬಿ, ಮಕ್ಕಳ ಶಾಲೆ. ಅತ್ತೆ ಹೊರಗೆ ಓಡುತ್ತಿದ್ದರೆ ಸೊಸೆ ಒಲೆಯ ಮುಂದೆ. ಹಾಗಾಗಿ ಆಕೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ನನ್ನನ್ನು ಮೆಟ್ಟಿ, ಹಗ್ಗಗಳ ನಡುವೆ ಓಡುತ್ತಿದ್ದಳು. ಇಪ್ಪತ್ತು ಹೆಜ್ಜೆಗೆ ಗೋಡೆ, ತಿರುವು. ಮತ್ತೆ ಇಪ್ಪತ್ತಕ್ಕೆ ಗೋಡೆ. ತಿರುಗಿ ತಿರುಗಿ ಒಂದು ವರ್ಷದಲ್ಲಿ ನನ್ನ ಅಟ್ಟೆ ಕಿತ್ತುಬಂತು.

ಒಂದು ದಿನ ಇಂದುಮತಿ ನನ್ನನ್ನು ಎತ್ತಿ ನೋಡಿದರು. “ಹೊರಗ ಹೋಗದ ಇವು ಹ್ಯಾಂಗ ಹರದ್ವು?”

“ಮಾಳಿಗಿ ಮ್ಯಾಲೆ ಅರಬಿ ಒಣಗ ಹಾಕೂಮುಂದ ಓಡ್ತಿದ್ದೆ, ಅತ್ತಿ.”

ಇಂದುಮತಿ ಕಿತ್ತ ಅಟ್ಟೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅಂದರು: “ನಾಳೆ ರೊಟ್ಟಿ ನಾ ಬಡೀತೀನಿ. ನೀ ಹೋಗಿ ನಿನ್ನ ಕಾಲಿಗೆ ಬರೂವಂಥವು ತಗೊಂಡು ಬಾ. ಬಣ್ಣ ನಿನಗ ಬೇಕಾದ್ದು.”

ಈಗ ನಾನು ಮಾಳಿಗೆಯ ನೀರಿನ ಟಾಕಿಯ ಕೆಳಗಿದ್ದೇನೆ. ನಸುಕಿನಲ್ಲಿ ಒಂದು ದಿನ ಅತ್ತೆ, ಒಂದು ದಿನ ಸೊಸೆ ಗೇಟು ತೆರೆದು ಓಡುವ ಸಪ್ಪಳ ಕೇಳುತ್ತದೆ. ನಾನು ಬಿಗಿಯಾಗಿದ್ದಕ್ಕೆ ಒಬ್ಬರು ನರಳಿದರು. ಸರಿಯಾಗಿ ಹೊಂದಿದರೂ ಇನ್ನೊಬ್ಬಳಿಗೆ ದಾರಿ ಇರಲಿಲ್ಲ. ದಾರಿ ಶೂ ಕೊಡುವಂಥದ್ದಲ್ಲ, ಮನೆಯವರು ಬಿಟ್ಟುಕೊಡಬೇಕಾದದ್ದು ಎಂದು ತಿಳಿಯುವ ಹೊತ್ತಿಗೆ ನನ್ನ ಅಟ್ಟೆಯೇ ಉಳಿದಿರಲಿಲ್ಲ.