ಸಿಳ್ಳೆ ನಿಂತ ಮೇಲೆ ಫೌಂಡ್ರಿ ಬೀದಿ

ಒಂದು ಬನ್ನಿಗೆ ಎಪ್ಪತ್ತು ಸೆಂಟು. ಬೆಣ್ಣೆ ಹಚ್ಚಿ, ಒಳಗೆ ಮೊಟ್ಟೆ ಇಟ್ಟು ಕೊಟ್ಟರೆ ನಾಲ್ಕೂವರೆ ಡಾಲರು, ಕಾಫಿಗೆ ಇನ್ನೆರಡು. ಕೆಲ್‌ಬ್ರೂಕ್ ಊರಿನಿಂದ ಟೊರಾಂಟೋಗೆ ರೈಲಿನಲ್ಲಿ ಹೋಗಿಬರಲು ಹತ್ತಿರ ಹತ್ತಿರ ಮೂವತ್ತು ಡಾಲರು. ಕಾರಿನಲ್ಲಾದರೆ ಪೆಟ್ರೋಲು, ಪಾರ್ಕಿಂಗು, ಹೆದ್ದಾರಿಯಲ್ಲಿ ನಿಂತು ನಿಂತು ಕೆಡುವ ತಲೆ, ಎಲ್ಲ ಸೇರಿ ಅದರ ಎರಡರಷ್ಟು. ದಿನಕ್ಕೆ ಎರಡಿದ್ದ ರೈಲನ್ನು ಎಂಟು ಮಾಡಲು ಸರ್ಕಾರ ಸುರಿದದ್ದು ಮೂವತ್ತು ಕೋಟಿ. ಆ ಎಂಟೂ ರೈಲು ಫೌಂಡ್ರಿ ಬೀದಿಯ ಲೆವೆಲ್ ಕ್ರಾಸಿಂಗಿನಲ್ಲಿ ಸಿಳ್ಳೆ ಹಾಕದೆ ಹೋಗಬೇಕು ಅಂದರೆ ಹೊಸ ಗೇಟು, ದೀಪ, ಬೇಲಿ ಎಲ್ಲಕ್ಕೂ ಹದಿನಾಲ್ಕು ಲಕ್ಷ. ಗೇಟಿನ ತಂಟೆಯೇ ಬೇಡ, ಬೀದಿಯನ್ನೇ ಅಡ್ಡಗಟ್ಟಿಬಿಡೋಣ ಅಂದರೆ ತೊಂಬತ್ತು ಸಾವಿರ.

ನಗರಸಭೆಯವರು ಯಾವುದನ್ನು ಆರಿಸಿಕೊಂಡರು ಎಂದು ಹೇಳಲು ಮಹಾ ಬುದ್ಧಿವಂತರೇನೂ ಬೇಕಾಗಿಲ್ಲ.

ಲುರ್ಡೆಸ್ ಮೆಡೆರೋಸಳ ಬೇಕರಿ ಇದ್ದದ್ದು ಹಳಿಯ ದಕ್ಷಿಣಕ್ಕೆ. ನಿಲ್ದಾಣ ಇದ್ದದ್ದು ಉತ್ತರಕ್ಕೆ. ನಡುವೆ ಎರಡು ಹಳಿ, ಒಂದು ಗೇಟು, ಅಷ್ಟೆ. ಬೆಳಿಗ್ಗೆ ರೈಲಿಗೆ ಹೋಗುವವರು ಬಸ್ಸಿನಿಂದ ಅವಳ ಬಾಗಿಲಲ್ಲೇ ಇಳಿದು, ಬನ್ನು ಕಾಫಿ ಕೊಂಡು, ಹಳಿ ದಾಟಿ ಹೋಗುತ್ತಿದ್ದರು. ಹೆಚ್ಚು ರೈಲು ಬೇಕು ಎಂದು ಊರಲ್ಲಿ ಎಲ್ಲರಿಗಿಂತ ಮೊದಲು ಬೋರ್ಡು ಹಾಕಿದವಳು ಅವಳೇ. ಹತ್ತು ವರ್ಷ ಅದು ಗಾಜಿನ ಕಿಟಕಿಯಲ್ಲಿ ಇತ್ತು. ಬಿಸಿಲಿಗೆ ಕೆಂಪಕ್ಷರ ಗುಲಾಬಿಯಾಯಿತು, ಗುಲಾಬಿ ಬಿಳಿಯಾಯಿತು. ಹೆಚ್ಚಿನ ರೈಲು ಬರುವುದು ಖಾತ್ರಿಯಾದಾಗ ಬ್ಯಾಂಕಿನಿಂದ ಸಾಲ ಎತ್ತಿ ಎರಡನೇ ಓವನ್ ಹಾಕಿಸಿದಳು.

"ರೈಲು ಬರ್ಲಿ ತಾಳು, ಆಮೇಲೆ ಹಾಕ್ಸೋಣ," ಎಂದಿದ್ದ ಗಂಡ ಅರ್ಮಿಂಡೊ. ಮೂವತ್ತು ವರ್ಷ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ದುಡಿದು, ಮಂಡಿ ಸವೆಸಿಕೊಂಡು, ಈಗ ಗಲ್ಲಾ ಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳುವುದು ಅವನ ಕೆಲಸ.

"ಬಂದ್ಮೇಲೆ ಹಾಕ್ಸಿದ್ರೆ ಮೊದಲ್ನೇ ದಿನ ಬಂದೋರಿಗೆ ನಿನ್ ಮಂಡಿ ಬೇಯಿಸಿ ಕೊಡ್ಲಾ?" ಎಂದು ಲುರ್ಡೆಸ್ ಅವನ ಬಾಯಿ ಮುಚ್ಚಿಸಿದ್ದಳು.

ರೈಲು ಬಂತು. ಹೇಳಿದ ವರ್ಷಕ್ಕಲ್ಲ, ಅದಾದ ಮೂರನೇ ವರ್ಷಕ್ಕೆ, ಆದರೂ ಬಂತು. ಬೆಳಗಿನ ಬನ್ನು ಎರಡರಷ್ಟು ಖರ್ಚಾಗತೊಡಗಿತು. ಕೈಯಾಳಾಗಿದ್ದ ಶಾನಾಳಿಗೆ ಪೂರ್ತಿ ದಿನದ ಕೆಲಸ ಕೊಟ್ಟಳು.

ಆಗ ಬಂದವನು ಗ್ರೇಮ್ ಹಾಲ್ಡೇನ್. ನಿವೃತ್ತ ಭೂಗೋಳದ ಮೇಷ್ಟ್ರು, ಹಳಿಯ ಆಚೆ ನಿಲ್ದಾಣದ ದಾರಿಗೆ ತಾಗಿದ ಮೊದಲನೇ ಮನೆ. ಒಂದು ಕೈಯಲ್ಲಿ ಸಹಿ ಹಾಕಿಸುವ ಹಲಗೆ, ಇನ್ನೊಂದರಲ್ಲಿ ಹೆಂಡತಿ ನೋರೀನ್ ಮಾಡಿದ ನಿಂಬೆಹಣ್ಣಿನ ಕೇಕಿನ ತುಂಡುಗಳು. ಬೇಕರಿಗೆ ಕೇಕು ಹೊತ್ತು ತರುವ ಮನುಷ್ಯ.

"ನೋರೀನ್‌ಗೆ ಹೃದಯದ ಆಪರೇಷನ್ ಆದ್ಮೇಲೆ ನಿದ್ದೆನೇ ಇಲ್ಲ ಲುರ್ಡೆಸ್. ನಾಲ್ಕೂವರೆಗೆ ಮೊದಲ್ನೇ ರೈಲು ಕೂಗತ್ತೆ ನೋಡಿ, ಹಾಸಿಗೆಯಿಂದ ಎದ್ದು ಕೂತ್ಬಿಡ್ತಾಳೆ. ರೈಲು ಬೇಡ ಅಂತಿಲ್ಲ, ಸಿಳ್ಳೆ ಬೇಡ ಅಷ್ಟೆ. ತೊಂದ್ರೆ ಇಲ್ಲ ಅಂದ್ರೆ ಒಂದ್ ಸಹಿ..."

ಎದುರಿಗೆ ನಾಲ್ಕು ಜನ ಗಿರಾಕಿ, ಒಳಗೆ ಓವನ್ ಗಂಟೆ ಹೊಡೆಯುತ್ತಿದೆ. ಆ ತಿಂಗಳು ಅವಳು ನಾಯಿಗಳ ಪಾರ್ಕಿಗೆ ಸಹಿ ಹಾಕಿದ್ದಳು, ಜೇನುಹುಳಗಳ ಪರವಾಗಿ ಹಾಕಿದ್ದಳು, ಐಸ್‌ಹಾಕಿ ಆಟದ ಮೈದಾನದ ಹೊಸ ಚಾವಣಿಗೆ ಹಾಕಿದ್ದಳು. ಈ ಊರಲ್ಲಿ ಬಾಗಿಲಿಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವ ಪದ್ಧತಿ ಯಾರಿಗೂ ಇಲ್ಲ. ಹಿಟ್ಟಿನ ಕೈ ಏಪ್ರನ್ನಿಗೆ ಒರೆಸಿಕೊಂಡು ಇದಕ್ಕೂ ಹಾಕಿದಳು.

ಮುಂದಿನ ವಸಂತದಲ್ಲಿ ಕಂಬಕ್ಕೆ ಹಳದಿ ನೋಟೀಸು ಬಿತ್ತು. ನಿವಾಸಿಗಳ ಕೋರಿಕೆಯ ಮೇರೆಗೆ ಸಿಳ್ಳೆ ನಿಲ್ಲಿಸಲಾಗುವುದು. ಅದಕ್ಕಾಗಿ ಫೌಂಡ್ರಿ ಬೀದಿಯ ಕ್ರಾಸಿಂಗನ್ನು ವಾಹನಗಳಿಗೂ ಪಾದಚಾರಿಗಳಿಗೂ ಶಾಶ್ವತವಾಗಿ ಮುಚ್ಚಲಾಗುವುದು. ಬಸ್ಸು ಮೇಪಲ್ ಬೀದಿಯ ಕೆಳಸೇತುವೆಯ ಮೂಲಕ ಹೋಗುವುದು. ಕೆಳಸೇತುವೆ ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ.

"ನಿವಾಸಿಗಳ ಕೋರಿಕೆ," ಎಂದು ಅರ್ಮಿಂಡೊ ಗಟ್ಟಿಯಾಗಿ ಓದಿದ. "ಒಬ್ಬ ನಿವಾಸಿ ಪರಿಚಯ ಇದೆ ನಂಗೆ. ಹಿಟ್ಟಿನ ಕೈಯಲ್ಲಿ ಸಹಿ ಹಾಕ್ತಾಳೆ."

"ಸಿಳ್ಳೆಗೆ ಹಾಕಿದ್ದು ಕಣೋ ನಾನು! ಬೀದಿ ಮುಚ್ಚಿ ಅಂತ ಯಾವನಪ್ಪ ಕೇಳಿದ್ದು?"

"ತಲೆನೋವು ಅಂತ ಹೋದೆ, ತಲೆ ತೆಗೆದ್ರು. ನೋವಂತೂ ಹೋಯ್ತಲ್ಲ."

ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಕ್ಲಬ್ಬಿನ ಸಭಾಂಗಣದಲ್ಲಿ ನಡೆಯಿತು. ಗೋಡೆಯ ಸುತ್ತ ದೊಡ್ಡ ದೊಡ್ಡ ನಕ್ಷೆ. ಬಂದವರ ಕೈಗೆಲ್ಲ ಹಸಿರು ಚುಕ್ಕಿ, ಕೆಂಪು ಚುಕ್ಕಿಯ ಹಾಳೆ. ಇಷ್ಟವಾದ ಕಡೆ ಹಸಿರು ಅಂಟಿಸಿ, ಆಗದ ಕಡೆ ಕೆಂಪು. ಮೂಲೆಯ ಮೇಜಿನ ಮೇಲೆ ಸೂಪರ್‌ಮಾರ್ಕೆಟ್ಟಿನಿಂದ ತಂದ ಬನ್ನು. ಫೌಂಡ್ರಿ ಬೀದಿಯ ಬೇಕರಿಯ ಹಣೆಬರಹ ತೀರ್ಮಾನ ಮಾಡುವ ಸಭೆಗೆ ಸೂಪರ್‌ಮಾರ್ಕೆಟ್ಟಿನ ಬನ್ನು! ಲುರ್ಡೆಸ್ ಒಂದನ್ನು ಎತ್ತಿ ಅದುಮಿ ನೋಡಿದಳು. ಅದುಮಿದ್ದು ಅದುಮಿದ ಹಾಗೇ ಉಳಿಯಿತು.

ನಗರಸಭೆಯ ಯೋಜನಾ ವಿಭಾಗದ ಟ್ರಿಸ್ಟನ್ ಎಂಬ ಎಳೆಯ ಗಡ್ಡದ ಹುಡುಗ ನಕ್ಷೆಯ ಪಕ್ಕ ನಿಂತಿದ್ದ.

"ನನ್ ಗಿರಾಕಿಗಳು ಹೇಗಪ್ಪ ಬರೋದು?" ಎಂದು ಕೇಳಿದಳು.

"ತುಂಬಾ ಒಳ್ಳೇ ಪ್ರಶ್ನೆ," ಎಂದ ಅವನು.

"ಒಳ್ಳೇದು ಅಂತ ನಂಗೂ ಗೊತ್ತು. ಉತ್ತರ ಹೇಗಿದೆ?"

"ಕಾಲುಸೇತುವೆ ಒಂದು ಕಟ್ಟೋ ಯೋಚನೆ ಇದೆ. ಆದ್ರೆ ಹಳಿ ಮೇಲಿನ ಗಾಳಿ ರೈಲ್ವೆಯವ್ರದ್ದು, ನಿಲ್ದಾಣ ಪ್ರಾಂತ್ಯದ ಸರ್ಕಾರದವ್ರದ್ದು, ಬೀದಿ ಮಾತ್ರ ನಮ್ದು. ಮೂವರೂ ಒಪ್ಪಬೇಕು."

"ರೈಲ್ವೆಯವ್ರು ಏನಂತಾರೆ?"

"ನಗರಸಭೆಯವ್ರನ್ನ ಕೇಳಿ ಅಂತಾರೆ. ಅಂದ್ರೆ ನಮ್ಮನ್ನ."

"ಪ್ರಾಂತ್ಯದವ್ರು?"

"ಅವ್ರ ಕೆಲಸ ರೈಲು ಓಡ್ಸೋದು ಮಾತ್ರ ಅಂತಾರೆ. ದಯವಿಟ್ಟು ಒಂದು ಕೆಂಪು ಚುಕ್ಕಿ ಅಂಟ್ಸಿ, ಮೇಡಂ. ನಾವು ಎಲ್ಲಾನೂ ಎಣಿಸ್ತೀವಿ."

ಲುರ್ಡೆಸ್ ತನ್ನ ಹಾಳೆಯ ಕೆಂಪು ಚುಕ್ಕಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಫೌಂಡ್ರಿ ಬೀದಿಯ ಮೇಲೆ ಅಂಟಿಸಿದಳು. ಬೀದಿಗೆ ದಡಾರ ಬಂದ ಹಾಗೆ ಕಂಡಿತು. ಆಮೇಲೆ ಹೊರಬಂದ ವರದಿಯಲ್ಲಿ ಒಂದು ಸಾಲು ಇತ್ತು: ಸ್ಥಳೀಯರು ಈ ಜಾಗದ ಬಗ್ಗೆ ಅಪಾರ ಉತ್ಸಾಹ ತೋರಿಸಿದ್ದಾರೆ.

ನಗರಸಭೆಯ ಕಲಾಪದಲ್ಲಿ ಮಾತಾಡಲು ಅವಳಿಗೆ ಐದು ನಿಮಿಷ ಸಿಕ್ಕಿತು. ಮೈಕಿನ ಮುಂದೆ ನಿಂತಾಗ ಬರೆದುಕೊಂಡು ಬಂದದ್ದನ್ನು ಓದಲು ಮನಸ್ಸಾಗಲಿಲ್ಲ.

"ನೀವು ಮೂವತ್ತು ಕೋಟಿ ಖರ್ಚು ಮಾಡಿ ಜನ ನಿಲ್ದಾಣಕ್ಕೆ ಬರೋ ಹಾಗೆ ಮಾಡಿದ್ರಿ. ಈಗ ತೊಂಬತ್ತು ಸಾವಿರ ಖರ್ಚು ಮಾಡಿ ಬರದೇ ಇರೋ ಹಾಗೆ ಮಾಡ್ತಿದ್ದೀರಿ. ದಕ್ಷಿಣದ ಕಡೆ ಮನೆ ಇರೋರು ನಡ್ಕೊಂಡು ಬರ್ತಿದ್ರು. ಇನ್ಮೇಲೆ ಕಾರ್ ತೆಗೀತಾರೆ. ಕಾರ್ ತೆಗೆದೋರು ನಿಲ್ದಾಣದಲ್ಲಿ ಯಾಕ್ ನಿಲ್ತಾರೆ? ಟೊರಾಂಟೋವರೆಗೂ ಅದ್ರಲ್ಲೇ ಹೋಗ್ತಾರೆ. ನಡೆಯೋರಿಗೆ ಒಂದು ಸಣ್ಣ ಗೇಟು ಬಿಡಿ ಸಾಕು. ಇಲ್ಲ ಅಂದ್ರೆ ನನ್ನ ಅಂಗಡಿ ಮುಚ್ಚತ್ತೆ, ಇಷ್ಟೇ ನಾನು ಹೇಳೋದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಯರ್ ಮನದಾಳದ ಧನ್ಯವಾದ ಹೇಳಿದರು. ಆಮೇಲೆ ಕೈ ಎತ್ತಿಸಿ, ಕ್ರಾಸಿಂಗ್ ಮುಚ್ಚಲು ಒಪ್ಪಿಗೆ ಕೊಟ್ಟು, ಕಾಲುಸೇತುವೆಯ ಬಗ್ಗೆ ಎರಡು ವರ್ಷದ ಅಧ್ಯಯನಕ್ಕೆ ಹಣ ಮಂಜೂರು ಮಾಡಿದರು. ಅಧ್ಯಯನಕ್ಕೆ ಎರಡು ಲಕ್ಷ. ಮುಚ್ಚುವುದಕ್ಕಿಂತ ಓದುವುದೇ ದುಬಾರಿ.

ಜೂನ್ ಮೊದಲ ವಾರ ಕಾಂಕ್ರೀಟು ದಿಮ್ಮಿ ಬಂದು ಕೂತವು, ಎರಡೂ ಕಡೆ ಆಳೆತ್ತರದ ತಂತಿ ಬೇಲಿ ಎದ್ದಿತು. ಅವತ್ತಿನಿಂದ ಬೆಳಗಿನ ಗಿರಾಕಿ ಅರ್ಧಕ್ಕಿಂತ ಕಡಿಮೆಯಾಯಿತು. ಆಚೆ ನಿಂತವರಿಗೆ ಬೇಕರಿ ಕಾಣುತ್ತಿತ್ತು, ಗಾಳಿ ಬಂದರೆ ವಾಸನೆಯೂ ಹೋಗುತ್ತಿತ್ತು. ಅವರು ಬೇಲಿಯ ಆಚೆಯಿಂದ ಕೈ ಬೀಸಿ "ಸಾರಿ ಲುರ್ಡೆಸ್!" ಎಂದು ಕೂಗುತ್ತಿದ್ದರು. ಈ ದೇಶದಲ್ಲಿ ಕಾಲು ತುಳಿಸಿಕೊಂಡವನೇ ಮೊದಲು ಸಾರಿ ಹೇಳುವುದು; ಆದರೆ ಸಾರಿಯನ್ನು ಗಲ್ಲಾ ಪೆಟ್ಟಿಗೆಗೆ ಹಾಕಲಾಗುವುದಿಲ್ಲ.

ಒಂದು ದಿನ ಆಸ್ಪತ್ರೆಯ ನರ್ಸೊಬ್ಬಳು ಆಚೆಯಿಂದ, "ಎಸೀರಿ, ನಾನ್ ಹಿಡೀತೀನಿ! ದುಡ್ಡು ಫೋನಲ್ಲಿ ಹಾಕಿದೀನಿ!" ಎಂದಳು. ಲುರ್ಡೆಸ್ ಪೊಟ್ಟಣ ಕಟ್ಟಿ ಬೀಸಿ ಎಸೆದಳು. ಅದು ಸರಿಯಾಗಿ ಎರಡು ಹಳಿಗಳ ನಡುವೆ ಬಿತ್ತು. ಅರ್ಧ ಗಂಟೆಯಲ್ಲಿ ರೈಲ್ವೆ ಪೊಲೀಸಿನವನು ಅಂಗಡಿಗೆ ಬಂದು, ಹಳಿಗೆ ವಸ್ತು ಎಸೆಯುವುದು ಅಪರಾಧ ಎಂದು ಎಚ್ಚರಿಸಿ, ಹೀಗೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳಿ, ಆರು ಬನ್ನು ಕಟ್ಟಿಸಿಕೊಂಡು ಹೋದ.

"ದಿನಾ ಎಸಿ," ಎಂದ ಅರ್ಮಿಂಡೊ. "ಪೊಲೀಸ್‌ನೋರು ಒಳ್ಳೇ ಗಿರಾಕಿ."

ಲುರ್ಡೆಸ್ ನಗಲಿಲ್ಲ. ಅವತ್ತು ಮಧ್ಯಾಹ್ನ ಶಾನಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಅರ್ಧ ದಿನಕ್ಕೆ ಇಳಿಸ್ತೀಯ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೆ ಕಡೆ ಕೇಳ್ಬೇಕು," ಎಂದಿದ್ದಳು. ಹೊಸ ಓವನ್ ಒಂದು ವಾರದಿಂದ ತಣ್ಣಗಿತ್ತು. ಸಾಲದ ಕಂತು ಮಾತ್ರ ಬಿಸಿಯಾಗಿಯೇ ಇತ್ತು.

ಲುರ್ಡೆಸ್ ಏಪ್ರನ್ ಬಿಚ್ಚಿಟ್ಟು ಹೊರಟಳು. ಮೇಪಲ್ ಬೀದಿಯವರೆಗೆ ನಡೆದು, ಪಾರಿವಾಳದ ಹೇಸಿಗೆ ಬಿದ್ದ ಕೆಳಸೇತುವೆ ನುಸುಳಿ, ಆಚೆಯಿಂದ ಅಷ್ಟೇ ದೂರ ವಾಪಸು ಬಂದು, ತನ್ನ ಅಂಗಡಿಯ ಎದುರಿಗೇ, ಆದರೆ ಬೇಲಿಯ ಆ ಕಡೆ, ಗ್ರೇಮ್ ಮನೆಯ ಗಂಟೆ ಒತ್ತಿದಳು. ದಾರಿಯುದ್ದಕ್ಕೂ ಅವನಿಗೆ ಬೈಯಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಅವನ ಮುಖ ನೋಡಿದ ಕೂಡಲೇ ವ್ಯರ್ಥ ಎನಿಸಿತು. ಮನುಷ್ಯ ಆಗಲೇ ಕಿವಿಯವರೆಗೆ ಕೆಂಪಾಗಿದ್ದ.

"ಲುರ್ಡೆಸ್, ನಿಮಗೆ ಹೇಗೆ ಮುಖ ತೋರಿಸ್ಲಿ ಗೊತ್ತಾಗ್ತಿಲ್ಲ. ನಾನು ಬರೀ ಸಿಳ್ಳೆಗೆ..."

"ಗೊತ್ತು. ನಾನೂ ಬರೀ ಸಿಳ್ಳೆಗೆ. ನಿಮ್ ಗ್ಯಾರೇಜಲ್ಲಿ ಏನಿದೆ?"

"ಗ್ಯಾರೇಜಲ್ಲಾ? ದೋಣಿ ಇದೆ."

"ಅದನ್ನ ನೀರಿಗೆ ಇಳ್ಸಿ ಎಷ್ಟು ವರ್ಷ ಆಯ್ತು?"

ಗ್ರೇಮ್ ತಲೆ ಕೆರೆದುಕೊಂಡ. "ಈ ಬೇಸಿಗೆ ಇಳ್ಸೋಣ ಅಂತಿದ್ದೆ."

"ಇಳ್ಸಿ. ಗ್ಯಾರೇಜ್ ನಂಗ್ ಕೊಡಿ. ಬನ್ನು ನನ್ ಅಂಗಡೀಲೇ ಬೇಯ್ಸಿ, ವ್ಯಾನಲ್ಲಿ ಸುತ್ತಿ ತಂದು ಇಲ್ಲಿ ಮಾರ್ತೀನಿ. ರೈಲಿಗೆ ಹೋಗೋರು ಪ್ರತಿಯೊಬ್ರೂ ನಿಮ್ ಬಾಗ್ಲ ಮುಂದೇ ಹೋಗ್ತಾರೆ. ಬಾಡಿಗೆ ಕೊಡ್ತೀನಿ, ಆದ್ರೆ ಮೊದಲ್ನೇ ವರ್ಷ ಕೊಡಲ್ಲ."

"ಲುರ್ಡೆಸ್, ನಾಲ್ಕೂವರೆಗೆ ಜನ ಬಂದು ಬಾಗಿಲಲ್ಲಿ ಸಾಲು ನಿಂತ್ರೆ ನಾನು ತಿಂಗಳುಗಟ್ಲೆ ಮನೆಮನೆ ಅಲೆದು ಸಿಳ್ಳೆ ನಿಲ್ಸಿದ್ದು ಯಾವ ಸುಖಕ್ಕೆ?"

"ಜನ ಸಿಳ್ಳೆ ಹಾಕಲ್ಲ, ಗ್ರೇಮ್. ಕಾಫಿ ಬೀಳೋವರ್ಗೂ ಅವ್ರು ಬಾಯೇ ಬಿಡಲ್ಲ."

"ಇದು ವಸತಿ ಬಡಾವಣೆ. ಇಲ್ಲಿ ವ್ಯಾಪಾರಕ್ಕೆ ಪರವಾನಗಿ ಬೇಕು, ಆರೋಗ್ಯ ಇಲಾಖೆಯವ್ರು ಬರ್ತಾರೆ, ಕೈ ತೊಳೆಯೋ ತೊಟ್ಟಿ ಬೇಕು ಅಂತಾರೆ, ಅಕ್ಕಪಕ್ಕದವ್ರು ಒಪ್ಪಬೇಕು..."

"ಅಕ್ಕಪಕ್ಕದವ್ರ ಸಹಿ ತರೋಕೆ ನಿಮ್ಮಷ್ಟು ಅನುಭವ ಈ ಊರಲ್ಲಿ ಯಾರಿಗಿದೆ ಹೇಳಿ?"

ಒಳಗಿನಿಂದ ಸಣ್ಣ ದನಿಯೊಂದು ಬಂತು. ನೋರೀನ್ ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದಿದ್ದಳು. ಬಣ್ಣ ಬಿಳಿಚಿದ್ದರೂ ಕಣ್ಣು ಚುರುಕಾಗಿದ್ದವು.

"ಗ್ರೇಮ್, ಹೂಂ ಅನ್ರಿ. ಆಕೆ ನಮಗೋಸ್ಕರ ಸಹಿ ಹಾಕಿದ್ಳು. ಆ ತೊಟ್ಟೀನೂ ನೀವೇ ಹಾಕ್ಸಿಕೊಡಿ."

"ನಿನ್ ನಿದ್ದೆ?"

"ಆ ಸಿಳ್ಳೆ ಎದೆಗೇ ಬಂದು ಹೊಡೀತಿತ್ತು. ಬನ್ನಿನ ವಾಸನೆ ಹಾಗೇನೂ ಹೊಡ್ಯಲ್ಲ ಬಿಡಿ."

ಪರವಾನಗಿಗೆ ನಾಲ್ಕು ತಿಂಗಳು ಹಿಡಿಯಿತು. ಗ್ರೇಮ್ ಅದೇ ಹಲಗೆ ಹಿಡಿದು ಮನೆಮನೆ ತಿರುಗಿದ. ಅವನಿಗೂ ಯಾರೂ ಇಲ್ಲ ಅನ್ನಲಿಲ್ಲ. ಟ್ರಿಸ್ಟನ್ ಕಚೇರಿಯಿಂದ ಬಂದು ಅಳತೆ ಹಿಡಿದು, ಗ್ಯಾರೇಜಿನ ಮುಂದೆ ಸೈಕಲ್ ನಿಲ್ಲಿಸಲು ಎರಡು ಜಾಗ ಬಿಡಲೇಬೇಕು ಎಂದು ಷರತ್ತು ಹಾಕಿದ. ಆರೋಗ್ಯ ಇಲಾಖೆಯವರು ಎರಡು ಸಲ ಬಂದು, ಎರಡು ಸಲವೂ ತೊಟ್ಟಿಯ ಎತ್ತರ ಸರಿಯಿಲ್ಲ ಎಂದರು. ದೋಣಿ ಅಂಗಳಕ್ಕೆ ಬಂತು, ನೀರಿಗೆ ಹೋಗಲಿಲ್ಲ. ಅಕ್ಟೋಬರಿನ ಒಂದು ಸೋಮವಾರ ಬೆಳಗಿನ ಜಾವ, ಉಸಿರು ಹೊಗೆಯಾಗುವ ಚಳಿಯಲ್ಲಿ, ಶಾನಾ ಗ್ಯಾರೇಜಿನ ಬಾಗಿಲು ಎತ್ತಿದಳು. ಸಾಲು ಆಗಲೇ ರಸ್ತೆಯವರೆಗೆ ಇತ್ತು. ಯಾರೂ ಮಾತಾಡುತ್ತಿರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಲೆಕ್ಕ ಹೀಗೆ ಬಂದು ನಿಂತಿತು. ಬೆಳಗಿನ ವ್ಯಾಪಾರ ಮೊದಲಿದ್ದಷ್ಟೇ ಆಯಿತು. ವ್ಯಾನಿನ ಪೆಟ್ರೋಲು ಕಳೆದರೆ ಸ್ವಲ್ಪ ಕಡಿಮೆ. ಓವನ್ ಮತ್ತೆ ಉರಿಯಿತು, ಶಾನಾಳ ಕೆಲಸ ಉಳಿಯಿತು. ನೋರೀನ್ ಬೆಳಿಗ್ಗೆ ಆರರವರೆಗೆ ನಿದ್ದೆ ಮಾಡುತ್ತಾಳೆ, ಗ್ರೇಮ್‌ಗೆ ಮಾತ್ರ ನಾಲ್ಕಕ್ಕೇ ಎಚ್ಚರ. ಬೇಕರಿಯ ಮಧ್ಯಾಹ್ನದ ಊಟದ ವ್ಯಾಪಾರ ಹೋಯಿತು. ಹಳಿ ದಾಟಿ ಕೋಲು ಊರಿಕೊಂಡು ಬಂದು, ಒಂದು ಸೂಪಿಗೆ ಎರಡು ಗಂಟೆ ಕೂತು ಅರ್ಮಿಂಡೊ ಜೊತೆ ವಾದ ಮಾಡುತ್ತಿದ್ದ ಮುದುಕರು ಈಗ ಬರುವುದಿಲ್ಲ. ಅವರಿಗೆ ಕೆಳಸೇತುವೆ ದೂರ. ಅಂಗಡಿಯಲ್ಲಿದ್ದ ಆರು ಮೇಜುಗಳನ್ನು ಲುರ್ಡೆಸ್ ಮಾರಿದಳು.