ಇನ್ನೂ ಅರವತ್ತು ದಿನ

ಕ್ಯಾಲಿಫೋರ್ನಿಯಾದ ಆ ಬೆಟ್ಟದ ಕೌಂಟಿಯಲ್ಲಿ ಕಾಡ್ಗಿಚ್ಚು ಆರಿ ಹದಿನೆಂಟು ತಿಂಗಳಾಗಿತ್ತು. ಕಾಗದದ ಮೇಲೆ ಮಾತ್ರ ಇನ್ನೂ ಆರಿರಲಿಲ್ಲ. ಅರವತ್ತು ದಿನಕ್ಕೊಮ್ಮೆ ಕೌಂಟಿಯ ಆಡಳಿತ ಮಂಡಳಿ ಸೇರಿ ತುರ್ತುಸ್ಥಿತಿಯ ಘೋಷಣೆಯನ್ನು ಮುಂದುವರಿಸುತ್ತಿತ್ತು. ಅದು ಇರುವಷ್ಟು ದಿನ ಮಾತ್ರ ವರ್ನಾ ಹ್ಯಾಸ್ಕೆಟ್ ಸುಟ್ಟುಹೋದ ತನ್ನ ಮನೆಯ ಜಾಗದಲ್ಲಿ ಟ್ರೇಲರ್, ಅಂದರೆ ಗಾಲಿಯ ಮೇಲಿನ ಮನೆ, ನಿಲ್ಲಿಸಿಕೊಂಡು ಬದುಕಬಹುದಿತ್ತು. ಘೋಷಣೆ ಬಿದ್ದುಹೋದರೆ ಟ್ರೇಲರ್ ಎತ್ತಬೇಕು.

ಎಂಟು ಸಭೆಗಳಲ್ಲಿ ಅವಳು ಬಾಯಿ ಮುಚ್ಚಿ ಕೂತು ಎದ್ದು ಬಂದಿದ್ದಳು. ಒಂಬತ್ತನೆಯ ಸಲ ಸಿಟ್ಟು ತಡೆಯಲಿಲ್ಲ. ಮನೆಯ ನಕ್ಷೆ ಒಪ್ಪಿಗೆಯಾಗಿತ್ತು, ಬಡಗಿ ಕಾಯುತ್ತಿದ್ದ. ಹಳೆಯ ಸೆಪ್ಟಿಕ್ ಟ್ಯಾಂಕ್ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವ ಅಧಿಕಾರಿ ಮಾತ್ರ ಹನ್ನೊಂದು ತಿಂಗಳಿಂದ ಬಂದಿರಲಿಲ್ಲ. ತುರ್ತನ್ನು ಬೆಳೆಸುವುದಕ್ಕೆ ಇವರಿಗೆ ಒಂದು ನಿಮಿಷ ಸಾಕು, ಒಂದು ಗುಂಡಿ ನೋಡುವುದಕ್ಕೆ ವರ್ಷ ಸಾಲದು. ಅದನ್ನೇ ಹೇಳುತ್ತೇನೆಂದು ಅವಳು ಚೀಟಿಯಲ್ಲಿ ತನ್ನ ಹೆಸರನ್ನೂ ಕಾರ್ಯಸೂಚಿಯಲ್ಲಿ ತುರ್ತುಸ್ಥಿತಿಯ ವಿಷಯಸಂಖ್ಯೆಯನ್ನೂ ಬರೆದು ಗುಮಾಸ್ತೆ ಲೊರೇನ್‌ಗೆ ಕೊಟ್ಟಳು.

ಲೊರೇನ್ ಚೀಟಿ ನೋಡಿ ಅವಳನ್ನು ಗೋಡೆಯ ಪಕ್ಕಕ್ಕೆ ಕರೆದಳು.

"ವರ್ನಾ, ಇದನ್ನ ನಾನು ತಗೊಂಡ್ರೆ ನಿಮ್ಮ ವಿಷಯ ಕಟ್ಟಿನಿಂದ ಹೊರಗೆ ಬೀಳತ್ತೆ. ಗೊತ್ತಾ?"

ವರ್ನಾಗೆ ಗೊತ್ತಿರಲಿಲ್ಲ. ತಕರಾರಿಲ್ಲದ ಇಪ್ಪತ್ತಮೂರು ವಿಷಯಗಳನ್ನು ಒಂದೇ ಕಟ್ಟಾಗಿಸಿ, ಒಂದೇ ಸಲ ಕೈಯೆತ್ತಿ ಮುಗಿಸುವುದು ಅಲ್ಲಿಯ ಪದ್ಧತಿ. ಯಾರಾದರೂ ಒಂದರ ಮೇಲೆ ಮಾತಾಡುತ್ತೇನೆಂದರೆ ಅದು ಕೊನೆಗೆ ಹೋಗಿ ಬೇರೆಯಾಗಿ ಮತಕ್ಕೆ ಬೀಳುತ್ತದೆ. ಐವರು ಸದಸ್ಯರಲ್ಲಿ ಇಬ್ಬರು ಮಧ್ಯಾಹ್ನ ಹೊರಡುವವರು. ಯಾವುದೇ ವಿಷಯ ಪಾಸಾಗಲು ಮೂರು ಮತ ಬೇಕೇ ಬೇಕು, ಹಾಗಾಗಿ ಉಳಿದ ಮೂವರೂ ಒಪ್ಪಬೇಕು. ಆ ಮೂವರಲ್ಲಿ ಒಬ್ಬ ಹಾಲ್ವರ್ಸನ್. ತುರ್ತು ಎಂಬ ಪದ ಕೇಳಿ ಪ್ರವಾಸಿಗರು ಹೆದರುತ್ತಾರೆ, ಹೋಟೆಲುಗಳು ಖಾಲಿ ಎಂದು ತಿಂಗಳಿಂದ ಗೊಣಗುತ್ತಿದ್ದವನು. ಹಿಂದಿನ ಅರವತ್ತು ದಿನ ಮುಗಿಯುವುದು ಅಂದೇ.

"ಹಂಗಾದ್ರೆ ನನ್ನ ಸೂರು ಉಳೀಬೇಕಂದ್ರೆ ನಾನು ಬಾಯಿ ಮುಚ್ಕೊಂಡಿರಬೇಕು."

"ಈ ವಿಷಯದ ಮೇಲೆ. ಕೊನೇಲಿ ಯಾರು ಏನು ಬೇಕಾದ್ರೂ ಮಾತಾಡಬಹುದು, ಮೂರು ನಿಮಿಷ. ಆದ್ರೆ ಅದಕ್ಕೆ ಅವರು ತೀರ್ಮಾನ ಕೊಡೋ ಹಂಗಿಲ್ಲ. ಕಾನೂನು."

ವರ್ನಾ ಚೀಟಿ ಹಿಂದಕ್ಕೆ ಕಿತ್ತುಕೊಂಡಳು. ಉದ್ಯಾನಕ್ಕೆ ಹುಲ್ಲು ಕತ್ತರಿಸುವ ಯಂತ್ರ, ಗ್ರಂಥಾಲಯಕ್ಕೆ ಬಣ್ಣ, ಅವುಗಳ ನಡುವೆ ಅವಳ ಬದುಕು: ಎಲ್ಲವೂ ಒಂದೇ ಉಸಿರಿಗೆ ಪಾಸಾದವು. ಹಾಲ್ವರ್ಸನ್ ಕೂಡ ಮೊಬೈಲ್ ನೋಡುತ್ತಲೇ ಕೈಯೆತ್ತಿದ.

ಅವಳು ಎದ್ದು ಹೋಗಲಿಲ್ಲ. ನಾಲ್ಕು ಗಂಟೆ ಕಾದಳು. ಅವಳ ಸರದಿ ಬಂದಾಗ ಮೂವರು ಸದಸ್ಯರೂ, ಹಿಂದಿನ ಸಾಲಿನಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥ ಪೆನ್ರೋಸ್ ಕೂಡ ಇದ್ದರು. ಅವಳು ಹನ್ನೊಂದು ತಿಂಗಳ ಕಥೆಯನ್ನು ನೇರವಾಗಿ ಹೇಳಿದಳು. ಅಧ್ಯಕ್ಷೆ ನಿಯಮದಂತೆ ಧನ್ಯವಾದ ಹೇಳಿ, ಪೆನ್ರೋಸ್ ಅವರನ್ನು ಕಾಣಿರಿ ಎಂದಳು. ವರ್ನಾ ಮೈಕು ಬಿಡದೆ ಹಿಂದಕ್ಕೆ ತಿರುಗಿದಳು.

"ಇಲ್ಲೇ ಕಂಡೆ. ಯಾವತ್ತು ಬರ್ತೀರಿ ಹೇಳಿ."

ಪೆನ್ರೋಸ್ ಸಂಕೋಚದಿಂದ ಫೋನ್ ತೆಗೆದು ನೋಡಿದ. ಮೊದಲ ಖಾಲಿ ದಿನ ಅರವತ್ತಮೂರು ದಿನದ ಮೇಲೆ ಎಂದ. ಅಂದರೆ ಘೋಷಣೆ ಮುಗಿದು ಮೂರು ದಿನಕ್ಕೆ. ಸಭೆಯಲ್ಲಿ ಯಾರೋ ನಕ್ಕರು.

"ಯಾರಾದ್ರೂ ರದ್ದು ಮಾಡಿದ್ರೆ ಬೇಗ ಸಿಗಬಹುದು," ಎಂದ ಪೆನ್ರೋಸ್.

"ನಮ್ಮ ಬೀದೀಲಿ ಇನ್ಯಾರ ಹೆಸರಿದೆ?"

ಅವನು ಓದಿದ. ಓರಿನ್ ಟೀಗ್, ಮುಂದಿನ ಮಂಗಳವಾರ, ಬೆಳಿಗ್ಗೆ ಒಂಬತ್ತು.

ಓರಿನ್ ಅವಳ ಪಕ್ಕದ ಜಾಗದವನು. ಕಾದು ಕಾದು ಸೋತು, ಜಾಗ ಮಾರಿ, ಮಗಳ ಊರಿಗೆ ಹೋಗಿದ್ದ.

"ಅವನು ಹೋಗಿ ನಾಲ್ಕು ತಿಂಗಳಾಯ್ತು," ಎಂದಳು ವರ್ನಾ. "ಇದ್ದಾಗ ಬರಲಿಲ್ಲ, ಹೋದವನ ಗುಂಡಿ ನೋಡೋಕೆ ಬರ್ತಿದೀರಾ? ಅಲ್ಲಿ ನನ್ನ ಹೆಸರು ಹಾಕಿ. ಇನ್ನೆಷ್ಟು ಜನ ಬಿಟ್ಟು ಹೋದವರು ನಿಮ್ಮ ಪಟ್ಟೀಲಿದಾರೋ, ಅದನ್ನೂ ಇವರಿಗೆ ಓದಿ ಹೇಳಿ."

ಮೂರು ನಿಮಿಷ ಎಂದೋ ಮುಗಿದಿತ್ತು. ಅಧ್ಯಕ್ಷೆ ಕೂರಲು ಹೇಳಲಿಲ್ಲ. ಪೆನ್ರೋಸ್ ತಲೆ ತಗ್ಗಿಸಿ ಓರಿನ್‌ನ ಹೆಸರು ಅಳಿಸಿದ. ಅವಳ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿದ. ಅವಳು ಒಂದೊಂದಾಗಿ, ಗಟ್ಟಿಯಾಗಿ, ಮೈಕಿನಲ್ಲೇ ಹೇಳಿದಳು.